ಮಿಂಚಂಚೆಯ ಮನೆಗೆ ಕನ್ನಡದ ಬಾಗಿಲು ಇಡುವವರು ಯಾರು?



ಬಸ್ಸಿನ ಫಲಕದಲ್ಲಿ ಕನ್ನಡ ಇಲ್ಲವೆಂದರೆ ಕೂಗುತ್ತೇವೆ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಇಲ್ಲವೆಂದರೆ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಕೂಗಲೇಬೇಕು, ನಿಲ್ಲಲೇಬೇಕು. ಆದರೆ ನಮ್ಮದೇ ಮನೆಯಲ್ಲಿ, ನಮ್ಮದೇ ದುಡ್ಡಿನಲ್ಲಿ ತಂದಿಟ್ಟ ಗಣಕಯಂತ್ರದ ಮುಂದೆ ಕೂತಾಗ ಈ ಅಭಿಮಾನ ಎಲ್ಲಿಗೆ ಹೋಗುತ್ತದೆ? ಪರದೆಯ ಮೇಲೆ ಇಂಗ್ಲಿಷ್ ಬಂದರೆ ಅದು ಹಣೆಬರಹ ಎಂಬಂತೆ ಒಪ್ಪಿಕೊಂಡು ಸುಮ್ಮನಾಗುತ್ತೇವೆ. ಬೇರೆಯವರನ್ನು ಬೈಯಲು ಈ ಮಾತು ಬರೆಯುತ್ತಿಲ್ಲ. ಈ ಪಟ್ಟಿಯಲ್ಲಿ ಮೊದಲ ಅಪರಾಧಿ ನಾನೇ.

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಕೊಬ್ಬರಿ ಮಂಡಿಗಳ ಬಿಲ್ ಪುಸ್ತಕ, ಲಗ್ನಪತ್ರಿಕೆ, ಕರಪತ್ರ, ಇವೇ ನಮ್ಮ ಅನ್ನ. ನಮ್ಮ ತಂದೆ ಮೊಳೆ ಜೋಡಿಸಿ ಟ್ರೆಡಲ್ ತುಳಿದವರು. ನಾನು ಪಿಯುಸಿ ಮುಗಿಸಿ ಡಿಟಿಪಿ ಕಲಿತು ಆಫ್‌ಸೆಟ್ ಕೂರಿಸಿದವನು. ಈಗ ಕೆಲಸವೆಲ್ಲ ಮಿಂಚಂಚೆಯಲ್ಲಿ ಬರುತ್ತದೆ, ಪ್ರೂಫ್ ಮಿಂಚಂಚೆಯಲ್ಲಿ ಹೋಗುತ್ತದೆ. ನಾನು ಕಾಗದ ತರಲು ಬೆಂಗಳೂರಿಗೆ ಹೋದ ದಿನ ಮೇಲ್ ನೋಡುವವರು ನಮ್ಮ ಮನೆಯವರು. ಅವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಲೆಕ್ಕದಲ್ಲಿ ನನಗಿಂತ ಚುರುಕು, ಪ್ರೂಫ್ ತಿದ್ದುವುದರಲ್ಲಂತೂ ನನ್ನ ಗುರು.

ಹೀಗೆ ನಾನಿಲ್ಲದ ದಿನ ಒಂದು ಲಗ್ನಪತ್ರಿಕೆಯ ತಿದ್ದುಪಡಿ ಬಂತು. ಮುಹೂರ್ತ ಹತ್ತೂವರೆಗಲ್ಲ, ಹನ್ನೊಂದೂವರೆಗೆ. ನಮ್ಮವರು ಓದಿದರು. 'ಇವರು ಬಂದು ನೋಡಲಿ, ಜೋಪಾನವಾಗಿ ಇಡೋಣ' ಎಂದು ಪೆಟ್ಟಿಗೆಯ ಚಿತ್ರವಿದ್ದ ಗುಂಡಿ ಒತ್ತಿದರು. ಅದು ಆರ್ಕೈವ್ ಗುಂಡಿ. ಪತ್ರ ಒಳಪೆಟ್ಟಿಗೆಯಿಂದ ಮಾಯವಾಗಿ ಬೇರೆ ಕಡೆ ಹೋಗಿ ಕೂತಿತು. ನನ್ನ ಕಣ್ಣಿಗೆ ಬೀಳಲಿಲ್ಲ. ಆರುನೂರು ಪತ್ರಿಕೆ ತಪ್ಪು ಮುಹೂರ್ತದಲ್ಲಿ ಅಚ್ಚಾದವು. ಎರಡು ರಾತ್ರಿ ನಿದ್ದೆಗೆಟ್ಟು, ಕೈಯಿಂದ ಕಾಗದ ಹಾಕಿ ಮತ್ತೆ ಅಚ್ಚು ಹಾಕಿಕೊಟ್ಟೆ.

ನಾನು ರೇಗಿದೆ. ಅವರು ಕೇಳಿದ್ದು ಒಂದೇ ಮಾತು: "ರೀ, ಆ ಗುಂಡಿ ಏನು ಮಾಡುತ್ತೆ ಅಂತ ಕನ್ನಡದಲ್ಲಿ ಬರೆದಿದ್ದರೆ ನಾನ್ಯಾಕೆ ತಪ್ಪು ಮಾಡ್ತಿದ್ದೆ?"

ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ವಿಷಯ ಆಮೇಲೆ ತಿಳಿಯಿತು. ನಾವು ಬಳಸುತ್ತಿದ್ದ ಆ ಮೇಲ್ ಪುಟದಲ್ಲಿ ಭಾಷೆ ಬದಲಿಸುವ ಜಾಗವಿತ್ತು, ಅಲ್ಲಿ ಕನ್ನಡವೂ ಇತ್ತು! ನವೆಂಬರ್ ಬಂದರೆ ಎದೆಗೆ ಹಳದಿ ಕೆಂಪು ಬ್ಯಾಡ್ಜ್ ಚುಚ್ಚಿಕೊಳ್ಳುವ ನಾನು ಒಂದು ದಿನವೂ ಅದನ್ನು ತೆರೆದು ನೋಡಿರಲಿಲ್ಲ. ಇರುವ ಕನ್ನಡವನ್ನೇ ಬಳಸದವನು ಇಲ್ಲದ ಕನ್ನಡವನ್ನು ಯಾವ ಬಾಯಲ್ಲಿ ಕೇಳಬೇಕು?

ಇಷ್ಟಾದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಮುದ್ರಣಾಲಯದ ಪತ್ರ, ನನ್ನ ಪತ್ರ, ಮನೆಯವರ ಪತ್ರ, ಮೂರೂ ಮನೆಯ ಗಣಕದಲ್ಲಿ ಒಂದೇ ಕಡೆ ಬಂದು ಬೀಳಬೇಕು. ನೆಟ್ ಹೋದರೂ ಹಳೆಯ ಪತ್ರ ತೆರೆಯಬೇಕು. ಗಿರಾಕಿ ಏನು ಹೇಳಿದ್ದ ಎಂಬುದಕ್ಕೆ ಸಾಕ್ಷಿ ನಮ್ಮ ಯಂತ್ರದಲ್ಲೇ ಇರಬೇಕು. ಇದಕ್ಕೆ ಬೇಕಾದದ್ದು ಗಣಕದಲ್ಲೇ ಕೂರುವ ಮಿಂಚಂಚೆ ತಂತ್ರಾಂಶ. ನಾನು ಆರಿಸಿದ್ದು ಥಂಡರ್‌ಬರ್ಡ್. 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ದುಡ್ಡಿಲ್ಲ, ಕದ್ದ ಪ್ರತಿಯ ಪಾಪವಿಲ್ಲ. ಬಳಸುವವರು ಕೊಡುವ ದೇಣಿಗೆಯಿಂದ ನಡೆಯುತ್ತದೆ. ಅದರ ಒಳಗಿನ ಬರಹ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

ಕೂರಿಸುವುದು ಬ್ರಹ್ಮವಿದ್ಯೆಯೇನಲ್ಲ, ನನ್ನಂಥವನಿಗೇ ಅರ್ಧ ಗಂಟೆ ಹಿಡಿಯಿತು. ನೀವೂ ಮಾಡಿ ನೋಡಿ.

ಥಂಡರ್‌ಬರ್ಡ್ ಡಾಟ್ ನೆಟ್ ತಾಣದಿಂದಲೇ ಇಳಿಸಿಕೊಳ್ಳಿ, ಕಂಡಕಂಡ ಕಡೆಯಿಂದ ಬೇಡ. ಇಳಿದ ಕಡತದ ಮೇಲೆ ಎರಡು ಸಲ ಒತ್ತಿದರೆ ತಾನೇ ಕೂರುತ್ತದೆ. ತೆರೆದ ಕೂಡಲೇ ಹೆಸರು, ಮೇಲ್ ವಿಳಾಸ, ಗುಪ್ತಪದ ಕೇಳುತ್ತದೆ. ಬಂಧುಗಳೇ, ಇಲ್ಲೇ ಮೊದಲ ಪರೀಕ್ಷೆ! ಹೆಸರಿನ ಜಾಗದಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲೇ ಬರೆಯಿರಿ. ನಿಮ್ಮ ಪತ್ರ ಯಾರಿಗೆ ಹೋದರೂ ಅವರ ಪರದೆಯಲ್ಲಿ ನಿಮ್ಮ ಹೆಸರು ಕನ್ನಡದಲ್ಲೇ ಕಾಣುತ್ತದೆ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಗೂಗಲ್‌ನಂಥ ಕಂಪನಿಯ ವಿಳಾಸವಾದರೆ ಅವರದೇ ಕಿಟಕಿ ತೆರೆದು ಒಪ್ಪಿಗೆ ಕೇಳುತ್ತದೆ, ಅಲ್ಲಿ ಗುಪ್ತಪದ ಕೊಡಿ.

ಮುಂದೆ ಐಮ್ಯಾಪ್ ಬೇಕೋ ಪಾಪ್ ಬೇಕೋ ಎಂಬ ಆಯ್ಕೆ. ಹೆದರಬೇಡಿ. ಐಮ್ಯಾಪ್ ಎಂದರೆ ಮೂಲ ಪತ್ರ ಕಂಪನಿಯ ಸರ್ವರಿನಲ್ಲೇ ಇರುತ್ತದೆ, ನಕಲು ನಿಮ್ಮ ಗಣಕಕ್ಕೆ ಬರುತ್ತದೆ. ಮೊಬೈಲಿನಲ್ಲೂ ಗಣಕದಲ್ಲೂ ಒಂದೇ ಸಮ ಕಾಣುತ್ತದೆ. ಆದರೆ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ನೆನಪಿರಲಿ. ಪಾಪ್ ಎಂದರೆ ಅಂಚೆ ಕಚೇರಿಯಿಂದ ಪತ್ರವನ್ನು ಮನೆಗೇ ತಂದಿಟ್ಟುಕೊಂಡ ಹಾಗೆ. ಪಾಪ್ ಆರಿಸುವವರು ಸರ್ವರಿನಲ್ಲಿ ಒಂದು ಪ್ರತಿ ಬಿಡುವ ಗುರುತು ಇದೆಯೇ ಎಂದು ನೋಡಿಕೊಳ್ಳಿ. ಮನೆಯಲ್ಲಿ ಇಬ್ಬರು ಮೂವರು ನೋಡುವ ಪತ್ರಕ್ಕೆ ಐಮ್ಯಾಪ್ ವಾಸಿ.

ಸೆಟ್ಟಿಂಗ್ಸ್ ಒಳಗೆ ಅಕ್ಷರಗಳ ಭಾಗದಲ್ಲಿ 'ಅಡ್ವಾನ್ಸ್ಡ್' ತೆರೆದರೆ ಲಿಪಿಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಕನ್ನಡ ಆರಿಸಿ ನಿಮಗೆ ಹಿಡಿಸಿದ ಅಕ್ಷರ, ಅಳತೆ ಗೊತ್ತುಮಾಡಿ. ಪತ್ರದ ಕೊನೆಗೆ ತಾನಾಗಿ ಬರುವ ಸಹಿಯನ್ನು ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದಲ್ಲೇ ಬರೆದಿಡಿ. ಕೀಲಿಮಣೆಗೂ ನೆಪ ಹೇಳಬೇಡಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ನುಡಿಯಲ್ಲಿದೆ. ವಿಂಡೋಸ್ 10, 11ರಲ್ಲಿ ಕನ್ನಡದ ಕೀಲಿಮಣೆ ಒಳಗೇ ಇದೆ, ಸೇರಿಸಿಕೊಂಡರೆ ಸಾಕು. ಕೊನೆಯ ಮಾತು: ತಿಂಗಳಿಗೊಮ್ಮೆ ತಂತ್ರಾಂಶವನ್ನು ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು ಪೂರ್ತಿಯಾಗಿ ಬೇರೆ ಡಿಸ್ಕಿಗೆ ನಕಲು ಮಾಡಿ. ಯಂತ್ರ ಕೆಟ್ಟ ದಿನ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಕನ್ನಡದಲ್ಲಿ ಬರೆದು ಕಳಿಸಿದೆ. ಅಕ್ಷರ ಒಂದೂ ಒಡೆಯದೆ ಹೋಯಿತು, ಒಡೆಯದೆ ಉತ್ತರ ಬಂತು. ಅಚ್ಚಿನ ಮನೆಯವನಿಗೆ ಇದು ಸಣ್ಣ ಸಂಗತಿಯಲ್ಲ. 1982ರಲ್ಲಿ ಮಿಂಚಂಚೆ ಸಾಗಿಸುವ ನಿಯಮ ಬರೆದಾಗ ಅದರಲ್ಲಿ ಜಾಗವಿದ್ದದ್ದು 128 ಗುರುತುಗಳಿಗೆ ಮಾತ್ರ, ಅಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ. ಆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ನಾವು ಕನ್ನಡದ ಚೂರುಗಳನ್ನು ಕೂರಿಸಿಕೊಂಡು ಬಹಳ ವರ್ಷ ಕಾಲ ತಳ್ಳಿದೆವು. ನಮ್ಮಲ್ಲಿ ಕನ್ನಡವಾಗಿ ಕಂಡದ್ದು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಸವಾಗಿ ಕಾಣುತ್ತಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಮನೆ ಸಿಕ್ಕಿತು. 1992ರಲ್ಲಿ ಮೈಮ್ ಎಂಬ ನಿಯಮ ಬಂದು ಯಾವ ಭಾಷೆಯ ಬರಹವೂ ಮಿಂಚಂಚೆಯಲ್ಲಿ ಸಾಗುವಂತಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಬಂತು. ಇಂದು ಹಾದಿ ಸರಿಯಿದೆ, ಬಂಡಿ ಸರಿಯಿದೆ. ಹಾಗಿದ್ದೂ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಅಕ್ಷರಕ್ಕೇ ಅಂಟಿಕೊಂಡು, ಅದರಲ್ಲೇ ಮೇಲ್ ಕಳಿಸುವವರು ನಮ್ಮ ನಡುವೆಯೇ ಇದ್ದಾರೆ. ವೃತ್ತಿಬಾಂಧವರೇ, ಪುಟ ಕಟ್ಟುವುದು ಯಾವುದರಲ್ಲಾದರೂ ಕಟ್ಟಿ, ಪತ್ರ ಮಾತ್ರ ಯೂನಿಕೋಡಿನಲ್ಲೇ ಬರೆಯಿರಿ.

ಹಾಗಾದರೆ ಕೊರತೆ ಎಲ್ಲಿ? ಬಾಗಿಲಲ್ಲಿ! ಒಳಗಿನ ಪತ್ರ ಕನ್ನಡ, ಹೊರಗಿನ ಗುಂಡಿಗಳೆಲ್ಲ ಇಂಗ್ಲಿಷ್. ಮನೆಯವರಿಗಾಗಿ ಅದನ್ನೂ ಕನ್ನಡಕ್ಕೆ ತಿರುಗಿಸೋಣವೆಂದು ಥಂಡರ್‌ಬರ್ಡ್‌ನ ಭಾಷೆಗಳ ಪಟ್ಟಿ ತೆರೆದೆ. ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ಕನ್ನಡ ಇರಲಿಲ್ಲ. ಭಾರತದ ಭಾಷೆಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಪಂಜಾಬಿ ಒಂದೇ.

ಆ ಪಟ್ಟಿಯಲ್ಲಿ ಯಾರು ಯಾರಿದ್ದಾರೆ ಕೇಳಿ. ಐಸ್‌ಲ್ಯಾಂಡಿನ ಭಾಷೆ ಇದೆ. ಆ ದೇಶದ ಜನಸಂಖ್ಯೆಯೇ ನಾಲ್ಕು ಲಕ್ಷದ ಆಸುಪಾಸು. ವೇಲ್ಸ್ ನಾಡಿನ ವೆಲ್ಷ್ ಇದೆ. 2021ರ ಜನಗಣತಿಯಂತೆ ಅಲ್ಲಿ ಅದನ್ನು ಆಡುವವರು ಸುಮಾರು 5.38 ಲಕ್ಷ. ಸ್ವಿಟ್ಜರ್ಲೆಂಡಿನ ರೋಮಾನ್ಷ್ ಇದೆ, ಜರ್ಮನಿಯ ಸೋರ್ಬಿಯನ್ ಇದೆ. ಇವೆರಡನ್ನೂ ಆಡುವವರು ಒಂದೊಂದು ಲಕ್ಷವನ್ನೂ ಮುಟ್ಟುವುದಿಲ್ಲ. ಆ ಸೋರ್ಬಿಯನ್‌ನಲ್ಲೂ ಮೇಲಿನದು, ಕೆಳಗಿನದು ಎಂದು ಎರಡು ಬಗೆ, ಎರಡಕ್ಕೂ ಬೇರೆ ಬೇರೆ ಬಾಗಿಲು! 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ನಾಲ್ಕು ಕೋಟಿ ಜನರ ಭಾಷೆ ಹೊರಗೆ ನಿಂತಿದೆ, ಲಕ್ಷ ಮುಟ್ಟದ ಭಾಷೆ ಒಳಗೆ ಕೂತಿದೆ.

ಇದನ್ನು ಕೇಳಿ ನಿಮ್ಮ ರಕ್ತ ಕುದಿಯಬಹುದು, ನನ್ನದೂ ಕುದಿಯಿತು. ಯಾರ ಮೇಲೆ ಕೂಗಲಿ ಎಂದು ಹುಡುಕಿದೆ. ಕನ್ನಡವನ್ನು ಬಾಗಿಲಲ್ಲಿ ತಡೆದವರು ಯಾರೂ ಇರಲಿಲ್ಲ. ಆ ಸಣ್ಣ ಭಾಷೆಗಳನ್ನು ಒಳಗೆ ತಂದದ್ದು ಆ ಭಾಷೆಯ ಮಕ್ಕಳ ಬಿಡುವಿನ ದುಡಿಮೆ. ಮೊಜಿಲ್ಲಾ ಸಂಸ್ಥೆಯ ಪಾಂಟೂನ್ ಎಂಬ ತಾಣದಲ್ಲಿ ತಂತ್ರಾಂಶದ ಸಾಲುಗಳು ಸಾವಿರಾರು ಸಂಖ್ಯೆಯಲ್ಲಿ ತೆರೆದುಕೊಂಡಿವೆ. ಒಬ್ಬರು ಅನುವಾದ ಸೂಚಿಸುತ್ತಾರೆ, ಇನ್ನೊಬ್ಬರು ಪರಿಶೀಲಿಸಿ ಒಪ್ಪುತ್ತಾರೆ. ನಮ್ಮ ಪ್ರೆಸ್ಸಿನಲ್ಲಿ ಒಬ್ಬ ಕಂಪೋಸ್ ಮಾಡಿ ಇನ್ನೊಬ್ಬ ಪ್ರೂಫ್ ನೋಡಿದ ಹಾಗೆ, ಅಷ್ಟೇ. ಅದೇ ಸಂಸ್ಥೆಯ ಫೈರ್‌ಫಾಕ್ಸ್ ಇಂದು ಕನ್ನಡದಲ್ಲಿ ಸಿಗುತ್ತದೆ. ಹೆಸರು ಬಯಸದ ಕನ್ನಡದ ಹುಡುಗ ಹುಡುಗಿಯರು ಇದೇ ರೀತಿ ಕೂತು ಮಾಡಿದ ಕೆಲಸ ಅದು. ನಮ್ಮಲ್ಲಿ ಎಷ್ಟು ಜನ ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡಿದ್ದೇವೆ? ಎದೆ ಮುಟ್ಟಿಕೊಂಡು ಹೇಳಿ.

'ಎಲ್ಲ ವಾಟ್ಸಾಪಿನಲ್ಲಿ ಮುಗಿಯುತ್ತದೆ, ಮೇಲ್ ಯಾರಿಗೆ ಬೇಕು?' ಎನ್ನುವವರಿದ್ದಾರೆ. ಕೆಲಸದ ಸಂದರ್ಶನದ ಕರೆ ಮೇಲ್‌ನಲ್ಲಿ ಬರುತ್ತದೆ. ತೆರಿಗೆಯ ನೋಟಿಸು ಮೇಲ್‌ನಲ್ಲಿ ಬರುತ್ತದೆ. ಗುಂಡಿಯ ಅರ್ಥ ತಿಳಿಯದೆ ಪತ್ರ ಕಳೆದುಕೊಂಡವನು ದಂಡ ಕಟ್ಟುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ. ನನ್ನ ಆರುನೂರು ಲಗ್ನಪತ್ರಿಕೆ ಅದರ ಮುಂದೆ ಏನೂ ಅಲ್ಲ. ಇದು ಅಲಂಕಾರದ ಕನ್ನಡದ ಪ್ರಶ್ನೆಯಲ್ಲ, ಅನ್ನದ ಕನ್ನಡದ ಪ್ರಶ್ನೆ.

'ಕನ್ನಡದಲ್ಲಿ ಮಾಡಿದರೆ ಇಂಗ್ಲಿಷಿಗಿಂತ ಕಷ್ಟವಾಗುತ್ತದೆ' ಎಂಬ ದೂರೂ ಇದೆ. ಇದರಲ್ಲಿ ನಿಜವಿಲ್ಲದಿಲ್ಲ. ಆರ್ಕೈವ್ ಎಂಬಲ್ಲಿ 'ಲೇಖಾಗಾರಕ್ಕೆ ರವಾನಿಸು' ಎಂದು ಬರೆದರೆ ನಮ್ಮ ಮನೆಯವರು ಮತ್ತೆ ತಪ್ಪು ಗುಂಡಿಯನ್ನೇ ಒತ್ತುತ್ತಾರೆ. ಪದ ಹುಟ್ಟಬೇಕಾದದ್ದು ಕೆಲಸ ಮಾಡುವವರ ಬಾಯಲ್ಲಿ. ಹಾಗಾಗಿ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಗುಂಡಿಯ ಕೆಲಸ ವಿವರಿಸಿ, 'ಇದಕ್ಕೆ ಏನನ್ನುತ್ತೀ?' ಎಂದು ಕೇಳಿದೆ. ಆರ್ಕೈವ್‌ಗೆ 'ತೆಗೆದಿಡು' ಎಂದರು. ಜಂಕ್‌ಗೆ 'ಕಸ'. ಫಾರ್ವರ್ಡ್‌ಗೆ 'ಮುಂದಕ್ಕೆ ಕಳಿಸು'. ಡ್ರಾಫ್ಟ್‌ಗೆ ಸ್ವಲ್ಪ ಯೋಚಿಸಿ 'ಕರಡು' ಎಂದರು, ಪ್ರೂಫ್ ತಿದ್ದಿದ ಕೈಯಲ್ಲವೇ! ಪ್ರೂಫ್ ಹಾಳೆಯ ಹಿಂಬದಿಯಲ್ಲಿ ಹದಿನೆಂಟು ಪದ ಬರೆದು ಪರದೆಯ ಪಕ್ಕ ಅಂಟಿಸಿದ್ದಾರೆ. ಅಂದಿನಿಂದ ನಮ್ಮಲ್ಲಿ ಒಂದು ಪತ್ರವೂ ಕಳೆದಿಲ್ಲ.

ಸಂಘಟನೆಗಳ ಗೆಳೆಯರಿಗೆ ನನ್ನ ಕೋರಿಕೆ ಇಷ್ಟೇ. ಮೊದಲನೆಯದು, ಈ ವಾರವೇ ನಿಮ್ಮ ಮೊಬೈಲ್, ಗಣಕ, ಮೇಲ್ ಪುಟ ಎಲ್ಲೆಲ್ಲಿ ಕನ್ನಡದ ಆಯ್ಕೆ ಇದೆಯೋ ಅಲ್ಲೆಲ್ಲ ಕನ್ನಡಕ್ಕೆ ತಿರುಗಿಸಿ. ಬಳಸುವವರಿಲ್ಲದ ಭಾಷೆಗೆ ಯಾವ ಕಂಪನಿಯೂ ಬಹುಕಾಲ ಮಣೆ ಹಾಕುವುದಿಲ್ಲ. ಎರಡನೆಯದು, ಪ್ರತಿ ಶಾಖೆಯಿಂದ ಇಬ್ಬರು, ವಾರಕ್ಕೆ ಒಂದು ಗಂಟೆ, ಥಂಡರ್‌ಬರ್ಡ್ ಅನುವಾದಕ್ಕೆ ಕೂರಲಿ. ಒಬ್ಬರು ಗಣಕ ಬಲ್ಲವರಾಗಲಿ, ಇನ್ನೊಬ್ಬರು ಇಂಗ್ಲಿಷ್ ಬಾರದವರಾಗಲಿ. ಇಂಗ್ಲಿಷ್ ಬಾರದವರಿಗೆ ತಿಳಿಯುವ ಪದವೇ ಸರಿಯಾದ ಪದ.

ಬೀದಿಯ ಹೋರಾಟ ನಿಲ್ಲಬಾರದು. ಆದರೆ ಬೀದಿಯಿಂದ ಮನೆಗೆ ಬಂದ ಮೇಲೆ ಗಣಕದ ಮುಂದೆಯೂ ಒಂದು ಗಂಟೆ ಕನ್ನಡಿಗರಾಗಿ ಕೂರೋಣ. ನಮ್ಮ ಮನೆಯ ಪರದೆಯ ಪಕ್ಕ ಅಂಟಿಸಿರುವ ಆ ಹದಿನೆಂಟು ಪದಗಳನ್ನು ಮೊದಲ ಕಾಣಿಕೆಯಾಗಿ ಕೊಡಲು ನಾವು ಸಿದ್ಧ. ಹತ್ತೊಂಬತ್ತನೆಯ ಪದ ನಿಮ್ಮ ಮನೆಯಿಂದ ಬರಲಿ.