ಹೆಪಟೈಟಿಸ್ ಬಿ: ತಜ್ಞರ ಸಣ್ಣ ಸಭೆಗಳು ಮತ್ತು ಚಿಕಿತ್ಸೆಯ ಅರ್ಹತೆ

ದೀಪಾಂಜಲಿ ನಗರ ಹಾಗೂ ಮೈಸೂರು ರಸ್ತೆಯ ಆಸುಪಾಸಿನ ನಾಗರಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಕ್ತದಾನ, ಗರ್ಭಿಣಿಯರ ತಪಾಸಣೆ ಅಥವಾ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಹೆಪಟೈಟಿಸ್ ಬಿ ಸೋಂಕು ಪತ್ತೆಯಾದ ಹಲವರಿಗೆ "ಸದ್ಯ ಮಾತ್ರೆ ಬೇಡ, ಆರು ತಿಂಗಳ ನಂತರ ಬನ್ನಿ" ಎಂಬ ಉತ್ತರ ದೊರೆಯುತ್ತದೆ. ಇದು ನಿರ್ಲಕ್ಷ್ಯದ ಮಾತಲ್ಲ. ಮಾರ್ಗಸೂಚಿಯನ್ನು ಆಧರಿಸಿದ ಸಲಹೆ. ಆದರೆ ಮಾರ್ಗಸೂಚಿಗಳೂ ಬದಲಾಗುತ್ತವೆ.

ಗುರಿಯ ನಿರ್ಣಯ

ಈಗಿನ ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸಿನ ವೃದ್ಧಿಯನ್ನು ತಡೆಯುತ್ತವೆ. ಯಕೃತ್ತಿನ ಜೀವಕೋಶಗಳಲ್ಲಿ ಅಡಗಿರುವ ಅದರ ಮೂಲ ಡಿಎನ್‌ಎಯನ್ನು ಅಳಿಸಲಾರವು. ಹಾಗಿದ್ದಲ್ಲಿ ಹೊಸ ಔಷಧಿ ಯಶಸ್ವಿಯಾಯಿತೆಂದು ಹೇಳುವುದು ಯಾವಾಗ? 2016ರಲ್ಲಿ ಅಮೆರಿಕ ಮತ್ತು ಯುರೋಪಿನ ಯಕೃತ್ ತಜ್ಞರ ಸಂಘಗಳು ಸಂಶೋಧಕರು, ಔಷಧ ಕಂಪನಿಗಳು, ನಿಯಂತ್ರಣ ಸಂಸ್ಥೆಗಳು ಹಾಗೂ ರೋಗಿಗಳ ಪ್ರತಿನಿಧಿಗಳನ್ನು ಒಂದೆಡೆ ಸೇರಿಸಿ ಈ ಪ್ರಶ್ನೆಯನ್ನು ಚರ್ಚಿಸಿದವು. ನಿಗದಿತ ಅವಧಿಯ ಚಿಕಿತ್ಸೆ ಮುಗಿದ ಮೇಲೂ ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಹಾಗೂ ಅದರ ಮೇಲ್ಮೈ ಪ್ರತಿಜನಕ ಕಾಣದಿರುವುದೇ ಸದ್ಯದ ಗುರಿಯೆಂದು ಒಪ್ಪಲಾಯಿತು. ನಮ್ಮ ದೇಶದಲ್ಲಿ ಯಕೃತ್ ಅಧ್ಯಯನದ ರಾಷ್ಟ್ರೀಯ ಸಂಘದ ಕಾರ್ಯಪಡೆಯು ಭಾರತೀಯ ರೋಗಿಗಳನ್ನು ಗಮನದಲ್ಲಿರಿಸಿ ಸಿದ್ಧಪಡಿಸಿದ ನಿಲುವುಗಳು 2018ರಲ್ಲಿ 'ಅಂಡಮಾನ್ ಹೇಳಿಕೆಗಳು' ಎಂಬ ಹೆಸರಿನಲ್ಲಿ ಪ್ರಕಟವಾದವು.

ಬದಲಾದ ಮಿತಿ

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನೂ ತಜ್ಞರ ಸಮಿತಿಯೇ ರೂಪಿಸುತ್ತದೆ. ಸಿರೋಸಿಸ್ ಇಲ್ಲದವರಿಗೆ 2015ರಲ್ಲಿ ಮುಖ್ಯವಾಗಿ ಪ್ರತಿ ಮಿಲಿಲೀಟರ್ ರಕ್ತಕ್ಕೆ 20,000 ಘಟಕಗಳಿಗೂ ಮೇಲಿನ ವೈರಸ್ ಪ್ರಮಾಣವನ್ನು ಪರಿಗಣಿಸಲಾಗುತ್ತಿತ್ತು. 2024ರ ಮಾರ್ಗಸೂಚಿಯಲ್ಲಿ, ಎಸ್‌ಜಿಪಿಟಿ ಹೆಚ್ಚಿದ್ದಲ್ಲಿ, ಈ ಮಿತಿ 2,000ಕ್ಕೆ ಇಳಿದಿದೆ. ಮಧುಮೇಹ ಅಥವಾ ಕುಟುಂಬದಲ್ಲಿ ಯಕೃತ್ತಿನ ಕ್ಯಾನ್ಸರ್ ಇದ್ದವರನ್ನೂ ಪರಿಗಣಿಸಲಾಗಿದೆ. ಅದೇ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಸೋಂಕಿತರಿದ್ದರು. ಜಗತ್ತಿನ ಸೋಂಕಿತರಲ್ಲಿ ಶೇಕಡ 13ರಷ್ಟು ಮಂದಿಗೆ ಮಾತ್ರ ಸೋಂಕು ಪತ್ತೆಯಾಗಿತ್ತು. ಚಿಕಿತ್ಸೆ ದೊರೆತದ್ದು ಶೇಕಡ 3ರಷ್ಟು ಮಂದಿಗೆ.

ಸಣ್ಣ ಸಭೆಯಲ್ಲಿ ಕಠಿಣ ಪ್ರಶ್ನೆಯನ್ನು ಕೂಲಂಕಷವಾಗಿ ಚರ್ಚಿಸಲು ಸಾಧ್ಯ. ಆದರೆ ಅದರ ತೀರ್ಮಾನವು ತಪಾಸಣೆಯ ದಾಖಲೆಗಳನ್ನು ಅವಲಂಬಿಸಿರುತ್ತದೆ. ತಪಾಸಣೆಗೆ ಮರಳಿ ಬಾರದ ರೋಗಿಯ ವಿವರ ಯಾವ ಸಭೆಯನ್ನೂ ತಲುಪುವುದಿಲ್ಲ. ಸಭೆಯ ಹೊಸ ತೀರ್ಮಾನವೂ ಆ ರೋಗಿಯನ್ನು ತಲುಪುವುದಿಲ್ಲ.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಹಿಂದೆ ಚಿಕಿತ್ಸೆ ಬೇಡವೆಂದು ತಿಳಿಸಲ್ಪಟ್ಟವರು ಹಳೆಯ ವರದಿಗಳೊಂದಿಗೆ ಮತ್ತೊಮ್ಮೆ ವೈದ್ಯರನ್ನು ಕಾಣತಕ್ಕದ್ದು. ಅರ್ಹತೆಯನ್ನು ವೈದ್ಯರೇ ನಿರ್ಧರಿಸುತ್ತಾರೆ.
2. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಿ ಉಚಿತ. ಚಿಕಿತ್ಸಾ ಕೇಂದ್ರದ ವಿವರವನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪಡೆಯಬಹುದು.
3. ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಕಾಯಿಲೆ ಉಲ್ಬಣಗೊಳ್ಳುವ ಅಪಾಯವಿದೆ. ಕಾಮಾಲೆಯ ನಾಟಿ ಔಷಧವನ್ನು ನಂಬಿ ತಪಾಸಣೆ ತಪ್ಪಿಸಬಾರದು.
4. ನವಜಾತ ಶಿಶುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಿಸತಕ್ಕದ್ದು.
5. ಜೊತೆಯಲ್ಲಿ ಊಟ ಮಾಡುವುದರಿಂದ ಈ ಸೋಂಕು ಹರಡುವುದಿಲ್ಲ. ಸೋಂಕಿತರನ್ನು ದೂರವಿಡಬಾರದು.

ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.