ಔಷಧಿ ಹೊಟ್ಟೆಗೆ, ಹುಳ ಪೆಟ್ಟಿಗೆಯಲ್ಲಿ

ಬೆಂಗಳೂರಿನ ಪಶುವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಈಚೆಗೆ ಕಿವಿಗೆ ಬಿದ್ದ ಮಾತೊಂದು ತಲೆಯಿಂದ ಹೋಗುತ್ತಿಲ್ಲ. ಕಾಲೇಜು ಓದುವ ವಯಸ್ಸಿನ ಹುಡುಗನೊಬ್ಬ ರಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಳಗಿದ್ದದ್ದು ಬಿಯರ್ಡೆಡ್ ಡ್ರ್ಯಾಗನ್, ನಮ್ಮ ಬೇಲಿಯ ಓತಿಕ್ಯಾತಕ್ಕೆ ಆಸ್ಟ್ರೇಲಿಯಾದ ದಾಯಾದಿ. “ಸರ್, ಎರಡು ಸಲ ಜಂತುಹುಳದ ಔಷಧಿ ಹಾಕಿದ್ದಾಯ್ತು. ದಿನಾ ಫಿನಾಯಿಲ್ ಹಾಕಿ ಒರೆಸ್ತೀನಿ. ಆದ್ರೂ ರಿಪೋರ್ಟಲ್ಲಿ ಮತ್ತೆ ಪಿನ್‌ವರ್ಮ್ ಮೊಟ್ಟೆ. ಔಷಧೀನೇ ಸರಿ ಇಲ್ವಾ?” ವೈದ್ಯರು ಬೇರೆ ಔಷಧಿ ಬರೆದುಕೊಟ್ಟರು. ಆ ಪ್ರಾಣಿ ಹಗಲೂ ರಾತ್ರಿ ಕಳೆಯುವ ಗಾಜಿನ ಪೆಟ್ಟಿಗೆಯ ಬಗ್ಗೆ ಆಮೇಲೆ ಇಬ್ಬರೂ ಒಂದು ಮಾತು ಆಡಲಿಲ್ಲ.

ಔಷಧಿಯಲ್ಲಿ ದೋಷವಿರಲಿಕ್ಕಿಲ್ಲ. ಫೆನ್‌ಬೆಂಡಜೋಲ್ ಕರುಳಿನ ಹುಳಗಳನ್ನು ಕೊಲ್ಲುತ್ತದೆ. ಆ ಹುಳಗಳು ಸಾಯುವ ಮೊದಲು ಇಟ್ಟ, ಹಿಕ್ಕೆಯ ಜೊತೆ ಮರಳಿಗೆ ಸೇರಿದ ಮೊಟ್ಟೆಗಳ ಹತ್ತಿರ ಅದು ಸುಳಿಯುವುದೇ ಇಲ್ಲ. ಪಿನ್‌ವರ್ಮಿಗೆ ನಡುವೆ ಇನ್ನೊಂದು ಪ್ರಾಣಿಯ ಹಂಗೂ ಇಲ್ಲ. ಊಟಕ್ಕೆಂದು ಬಿಟ್ಟ ಕ್ರಿಕೆಟ್ ಹುಳುಗಳಲ್ಲಿ ಉಳಿದ ಒಂದೆರಡು ರಾತ್ರಿಯಿಡೀ ಓಡಾಡುತ್ತವೆ, ಒಣಗುತ್ತಿರುವ ಹಿಕ್ಕೆಯ ಮೇಲೆ ಹತ್ತುತ್ತವೆ, ಅದನ್ನೇ ಮೇಯುತ್ತವೆ. ಬೆಳಿಗ್ಗೆ ದೀಪ ಹೊತ್ತಿದ ಕೂಡಲೇ ಡ್ರ್ಯಾಗನ್ ನಾಲಗೆ ಚಾಚಿ ಆ ಹುಳುವನ್ನು ಎತ್ತಿಕೊಳ್ಳುತ್ತದೆ. ಹುಳುವಿನ ಕಾಲಿಗಂಟಿದ ಮೊಟ್ಟೆ ಹೊಟ್ಟೆ ಸೇರಿತು. ನಾಲಗೆಗಂಟಿದ ಮರಳಿನ ಜೊತೆ ಇನ್ನಷ್ಟು.

ಫಿನಾಯಿಲ್ ಎಂದರೆ ನನಗೆ ಸಿಟ್ಟೇ ಬರುತ್ತದೆ. ಆಸ್ಪತ್ರೆಯಿರಲಿ, ಮದುವೆ ಛತ್ರವಿರಲಿ, ಮೂಗಿಗೆ ಘಾಟು ಹೊಡೆದರೆ ಸ್ವಚ್ಛವಾಯಿತೆಂದು ನಾವು ನಂಬಿಬಿಟ್ಟಿದ್ದೇವೆ. ಹುಳದ ಮೊಟ್ಟೆಯ ದಪ್ಪ ಕವಚ ಮನೆಬಳಕೆಯ ಕ್ರಿಮಿನಾಶಕಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಫಿನಾಲ್ ಬೆರೆತ ದ್ರಾವಣ ಸರೀಸೃಪಗಳಿಗಂತೂ ವಿಷ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಕುಡಿಯುತ್ತಾ ಕೂರುವುದು ಪ್ರಾಣಿಯೇ ಹೊರತು ಹುಳವಲ್ಲ.

ಇರುವ ಜಾಗವೇ ಹುಳ ಹಬ್ಬಿಸುವ ಈ ಕಥೆ ಮನುಷ್ಯರ ಕೊಕ್ಕೆಹುಳುವಿನ ಚರಿತ್ರೆಯಲ್ಲೂ ಇದೆ. 1872ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆಲ್ಪ್ಸ್ ಪರ್ವತದಡಿ ಗೊಥಾರ್ಡ್ ರೈಲ್ವೆ ಸುರಂಗ ಕೊರೆಯಲು ಶುರುಮಾಡಿದರು. ಉದ್ದ ಸುಮಾರು 15 ಕಿಲೋಮೀಟರ್. ಎರಡೂ ಕಡೆಯಿಂದ ಕೊರೆಯುತ್ತಾ ಬಂದವರು ನಡುವೆ ಸೇರಿದ್ದು 1880ರಲ್ಲಿ. ಆ ಹೊತ್ತಿಗೆ ಕೂಲಿಕಾರರು, ಹೆಚ್ಚಿನವರು ಇಟಲಿಯ ಬಡವರು, ಬಿಳಿಚಿಕೊಂಡು ಏದುಸಿರು ಬಿಡುತ್ತಿದ್ದರು. ಕೆಟ್ಟ ಗಾಳಿ, ಡೈನಮೈಟಿನ ಹೊಗೆ, ಬಿಸಿಲು ಕಾಣದ ಬದುಕು ಎಂದು ಕಾರಣ ಹುಡುಕಿದರು. ಟ್ಯೂರಿನ್ನಿನ ಎಡೊಆರ್ಡೊ ಪೆರೊನ್ಚಿಟೊ ಕೂಲಿಕಾರರ ಮಲ ಪರೀಕ್ಷಿಸಿ ಕೊಕ್ಕೆಹುಳುವನ್ನು ತೋರಿಸಿದ. ಆತ ಓದಿದ್ದು ಪಶುವೈದ್ಯಕೀಯ.

ಬೆಟ್ಟದ ಮೇಲೆ ಹಿಮ, ಒಳಗೆ ಉಷ್ಣವಲಯದ ಹುಳ. ಸುರಂಗದ ಒಳಗೆ ಉಷ್ಣತೆ 30 ಡಿಗ್ರಿ ದಾಟುತ್ತಿತ್ತು, ಗೋಡೆಯಿಂದ ನೀರು ಸುರಿಯುತ್ತಿತ್ತು. ಬಹಿರ್ದೆಸೆಗೆಂದು ಅಷ್ಟು ದೂರ ಹೊರಗೆ ಹೋಗಿಬರಲು ಯಾರಿಗೂ ಆಗುತ್ತಿರಲಿಲ್ಲ, ಕೆಲಸದ ಜಾಗದಲ್ಲೇ ಮುಗಿಸುತ್ತಿದ್ದರು. ಅದೇ ಕೆಸರಿನಲ್ಲಿ ಮರುದಿನ ಕೈಕಾಲು ಊರುತ್ತಿದ್ದರು. ಊರಿನಿಂದ ಯಾರೋ ಕೆಲವರು ಹೊಟ್ಟೆಯಲ್ಲಿ ತಂದ ಹುಳ ಸುರಂಗದಲ್ಲಿ ಎಲ್ಲರದಾಯಿತು. 1909ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಕ್‌ಫೆಲರ್ ಕೊಟ್ಟ ಹತ್ತು ಲಕ್ಷ ಡಾಲರ್ ಹಣದಲ್ಲಿ ಇದೇ ಹುಳದ ಮೇಲೆ ಆಂದೋಲನ ಹೂಡಿದಾಗಲೂ ಥೈಮಾಲ್ ಔಷಧಿ ನುಂಗಿದವರು ಬರಿಗಾಲಲ್ಲಿ ಅದೇ ಹಿತ್ತಲಿಗೆ ಮರಳುತ್ತಿದ್ದರು. ಪಾಯಿಖಾನೆ ಕಟ್ಟಿಸಿ ಎಂದು ಮನೆಮನೆಗೆ ಹೇಳಬೇಕಾಗಿ ಬಂದದ್ದು ಅದಕ್ಕೇ.

ಈ ಸುರಂಗದ ಬಾಯಲ್ಲಿ ನಿಂತಾಗ ನನ್ನ ಪ್ರಶ್ನೆಯೇ ಬದಲಾಗುತ್ತದೆ. ಹಿಕ್ಕೆಯಿಂದ ಪ್ರಾಣಿ ದೂರ ಸರಿಯುವುದು ಹೇಗೆ ಎಂಬುದು ಮೊದಲನೆಯದು, ಹುಳವನ್ನು ಯಾವುದರಿಂದ ಕೊಲ್ಲಬೇಕು ಎಂಬುದು ಇಲ್ಲಿ ಎರಡನೆಯ ಮಾತು. ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲೂ ಬಿಯರ್ಡೆಡ್ ಡ್ರ್ಯಾಗನ್ ಹೊಟ್ಟೆಯಲ್ಲಿ ಹುಳ ಇದ್ದೇ ಇರುತ್ತದೆ. ಆದರೆ ಅಲ್ಲಿ ಪ್ರಾಣಿ ಹಿಕ್ಕೆ ಹಾಕಿ ಮುಂದಿನ ಬೇಲಿಗೂಟಕ್ಕೆ ಹೋಗಿ ಬಿಸಿಲು ಕಾಯುತ್ತದೆ. ನಾಲ್ಕಡಿ ಗಾಜಿನಲ್ಲಿ ಮುಂದಿನ ಗೂಟ ಎಂಬುದಿಲ್ಲ. ಹಿಕ್ಕೆಯನ್ನು ಬಿಟ್ಟು ಹೋಗುವ ಆ ನಡಿಗೆಯನ್ನು ಇಲ್ಲಿ ಸಾಕಿದವರು ಮಾಡಬೇಕು.

ಹಾಗೆ ನೋಡಿದರೆ ಕೆಲಸ ಸರಳ, ಬೇಸರ ತರಿಸುವಂಥದು ಅಷ್ಟೆ. ಮರಳು, ತೊಗಟೆ ಚೂರು ಎಲ್ಲ ಹೊರಗೆ. ಚಿಕಿತ್ಸೆ ಮುಗಿಯುವವರೆಗೆ ಹಳೆಯ ನ್ಯೂಸ್‌ಪೇಪರ್ ಹಾಸಿ, ಕೊಳೆಯಾದ ಕೂಡಲೇ ಬದಲಿಸಬೇಕು. ಕೊಂಬೆಗಳನ್ನು ಬಿಸಾಡಿಬಿಡುವುದು ಲೇಸು, ಬಿರುಕಿನಲ್ಲಿ ಏನು ಕೂತಿದೆಯೋ ತೊಳೆದವನಿಗೆ ಕಾಣದು. ನೀರಿನ ಬಟ್ಟಲಿಗೆ, ಅಡಗುಗೂಡಿಗೆ ಕುದಿನೀರು ಅಥವಾ ಹಬೆ. ತಿನ್ನದೆ ಉಳಿದ ಹುಳುಗಳನ್ನು ರಾತ್ರಿಗೆ ಬಿಡಬಾರದು. ಮುಖ್ಯವಾಗಿ, ವೈದ್ಯರು ಹೇಳಿದ ಪ್ರತಿ ಡೋಸಿನ ದಿನವೂ ಪೆಟ್ಟಿಗೆ ಪೂರ್ತಿ ಖಾಲಿಯಾಗಿ ತೊಳೆದಿರಬೇಕು.

ದಿನದ ಲೆಕ್ಕಕ್ಕೆ ಇಲ್ಲಿ ನಿಜವಾದ ಬೆಲೆಯಿದೆ. ಈ ಡ್ರ್ಯಾಗನ್‌ಗಳನ್ನು ಕಾಡುವ ಐಸೊಸ್ಪೊರಾ ಎಂಬ ಕಾಕ್ಸಿಡಿಯಾ ಪರಾವಲಂಬಿ ಹಿಕ್ಕೆಯಲ್ಲಿ ಹೊರಬಿದ್ದ ಕ್ಷಣದಲ್ಲಿ ಸೋಂಕು ಹಚ್ಚಲಾರದು. ತೇವ, ಗಾಳಿ, ಒಂದಿಷ್ಟು ಸಮಯ ಸಿಕ್ಕಿ ಹದಗೊಂಡ ಮೇಲೆಯೇ ಅದಕ್ಕೆ ಆ ಶಕ್ತಿ. ಹಿಕ್ಕೆ ಬಿದ್ದ ಕೂಡಲೇ ತೆಗೆಯುವವನು ಅದಕ್ಕೆ ಆ ಸಮಯ ಕೊಡುವುದಿಲ್ಲ. ಲೆಪರ್ಡ್ ಗೆಕ್ಕೊಗಳ ಬಾಲವನ್ನು ಕಡ್ಡಿ ಮಾಡಿಬಿಡುವ ಕ್ರಿಪ್ಟೊಸ್ಪೊರಿಡಿಯಂ ಮಾತ್ರ ಬೇರೆ ಜಾತಿ. ಹೊರಬೀಳುವಾಗಲೇ ಅದು ಸಿದ್ಧವಾಗಿರುತ್ತದೆ, ಬ್ಲೀಚಿಗೂ ಜಗ್ಗುವುದಿಲ್ಲ. 1993ರಲ್ಲಿ ಮಿಲ್ವಾಕಿ ನಗರದಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರಿನಿಂದಲೇ ಇದರ ಬಂಧುವೊಂದು ಸುಮಾರು ನಾಲ್ಕು ಲಕ್ಷ ಜನರನ್ನು ಮಲಗಿಸಿತು. ಬ್ಲೀಚ್ ಸಾಲದೆಂದು ಅದಕ್ಕೆ ಅಮೋನಿಯ ಬೆರೆಸುವವರಿದ್ದಾರೆ. ಹುಟ್ಟುವ ಅನಿಲ ಮನುಷ್ಯರ ಶ್ವಾಸಕೋಶವನ್ನೇ ಸುಡುತ್ತದೆ, ದಯವಿಟ್ಟು ಬೇಡ.

ರಿಪೋರ್ಟಿನಲ್ಲಿ ಸೊನ್ನೆ ಬರಲೇಬೇಕೆಂಬ ಹಟವೂ ಬೇಕಿಲ್ಲ. ಸೊಪ್ಪು ತಿನ್ನುವ ಆಮೆಗಳ ಕರುಳಿನಲ್ಲಿ ಪಿನ್‌ವರ್ಮ್ ಹಿತಮಿತವಾಗಿದ್ದರೆ ಬಲ್ಲ ವೈದ್ಯರು ಮುಟ್ಟುವುದಿಲ್ಲ. ಬುಲ್‌ಫ್ರಾಗ್ ಕಪ್ಪೆಯ ಗೊದಮೊಟ್ಟೆಗಳಲ್ಲಂತೂ ಇಂಥದೇ ಹುಳ ಇದ್ದವು ಬೇಗ ಬೆಳೆದದ್ದನ್ನು ಸಂಶೋಧಕರು ಕಂಡಿದ್ದಾರೆ. ಪ್ರಾಣಿ ತಿನ್ನುತ್ತಿದೆಯೇ, ತೂಕ ನಿಂತಿದೆಯೇ, ಮೊಟ್ಟೆಗಳ ಸಂಖ್ಯೆ ಏರುತ್ತಿದೆಯೇ ಎಂದು ನೋಡಿ ಔಷಧಿ ಬರೆಯಬೇಕು.

ಡಬ್ಬಿ ಎತ್ತಿಕೊಂಡು ಹೊರಡುವಾಗ ಹುಡುಗ, ಇದಕ್ಕೆ ಜೊತೆಗೆ ಇನ್ನೊಂದು ತರ್ತೀನಿ ಎಂದ. ಜೊತೆ ಬಯಸುವ ಪ್ರಾಣಿಯಲ್ಲ ಅದು, ಒಂಟಿಯಾಗಿ ಬಾಳುವಂಥದು. ತಂದೇ ತರುವುದಾದರೆ ಬೇರೆ ಕೋಣೆ, ಬೇರೆ ಪೆಟ್ಟಿಗೆ, ಬೇರೆ ಚಿಮಟ, ಎರಡು ಮೂರು ತಿಂಗಳು. ಒಂದಲ್ಲ, ಹಲವು ಸಲ ಮಲ ಪರೀಕ್ಷೆ. ಹುಷಾರಾಗಿರುವುದಕ್ಕೆ ಮೊದಲು ಮೇವು ಹಾಕಿ, ಹುಳ ಇರುವುದರ ಕೆಲಸ ಕೊನೆಗೆ ಮುಗಿಸಿ, ಸೋಪು ಹಚ್ಚಿ ಕೈ ತೊಳೆಯಬೇಕು. ಚೀಟಿಯಲ್ಲಿ ಔಷಧಿಯ ಹೆಸರಿನ ಕೆಳಗೆ ಇದನ್ನೆಲ್ಲ ಬರೆಯಲು ಜಾಗವಿತ್ತು.