ಶೃಂಗೇರಿ ಶ್ರೀನಿವಾಸ ಸಂಶಿಗೆ ಬಂದದ್ದು

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ವಾರದ ಮಾತು ಇಬ್ಬರಿಗೂ ಸೇರಿದ್ದು. ಇದರಲ್ಲಿ ಒಬ್ಬ ಅಜ್ಜ ಮಾಡಿದ ತಪ್ಪಿನ ಕಥೆಯೂ ಇದೆ. ಆ ಅಜ್ಜ ಬೇರೆ ಯಾರೂ ಅಲ್ಲ, ನಾನೇ.

ನನ್ನ ಮೊಮ್ಮಗ ಪುಣೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಪ್ಯಾಸೆಂಜರ್ ಗಾಡಿ ಹತ್ತಿ ಸಂಶಿ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಎರಡು ಬೇಸಿಗೆ ಅವನನ್ನು ಕೂರಿಸಿಕೊಂಡು ಕನ್ನಡ ಅಕ್ಷರ ಕಲಿಸಿದೆ. ಕಾಗುಣಿತ ಬಂತು. ಒತ್ತಕ್ಷರ ಕಂಡಾಗ ಮಾತ್ರ ಎಡವುತ್ತಿದ್ದ.

ಹೋದ ವರ್ಷದ ಬೇಸಿಗೆಯ ಒಂದು ಸಂಜೆ. ಕಟ್ಟೆಯ ಮೇಲೆ ನನ್ನ ಓರಗೆಯ ನಾಲ್ಕೈದು ಮಂದಿ ಕೂತಿದ್ದೆವು. ಪುಣೆಯ ಹುಡುಗ ಕನ್ನಡ ಓದುತ್ತಾನೆಂದು ತೋರಿಸುವ ಆಸೆ ನನಗೆ. ಅವನ ಕೈಗೆ ಪೇಪರ್ ಕೊಟ್ಟು, "ಓದಪಾ ತಮ್ಮಾ" ಎಂದೆ. ಮೊದಲ ಎರಡು ಪದ ಸರಿಯಾಗಿ ಓದಿದ. ಮೂರನೆಯದು 'ಅಭಿವೃದ್ಧಿ'. "ಅಭಿವುದಿ" ಎಂದ. ಮತ್ತೆ ನೋಡಿ "ಅಭಿವರದಿ" ಎಂದ. ಒಬ್ಬರು ನಕ್ಕರು. ಅವರನ್ನು ನೋಡಿ ಇನ್ನೊಬ್ಬರು ನಕ್ಕರು. ನಾನೂ ನಕ್ಕೆ. ಹುಡುಗ ಪೇಪರನ್ನು ನಾಲ್ಕು ಮಡಿಕೆ ಮಾಡಿ ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದ. ರಜೆ ಮುಗಿಯುವವರೆಗೆ ಕನ್ನಡದ ಒಂದು ಹಾಳೆಯನ್ನೂ ಮುಟ್ಟಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುವಾಗಿನ ಒಂದು ಸಂಗತಿ ನೆನಪಾಯಿತು. ಒಬ್ಬ ರೈತರು ಅರವತ್ತರ ವಯಸ್ಸಿನಲ್ಲಿ ಸಹಿ ಮಾಡುವುದನ್ನು ಕಲಿತು ಬಂದಿದ್ದರು. ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಬದಿಗೆ ಸರಿಸಿ, ಪೆನ್ನು ಕೇಳಿ ಪಡೆದು, ಬೆವರುತ್ತ ತಮ್ಮ ಹೆಸರು ಬರೆದರು. ಒಂದು ಅಕ್ಷರ ತಪ್ಪಿತ್ತು. ನಮ್ಮಲ್ಲೊಬ್ಬರು ಅದನ್ನು ಎತ್ತಿ ತೋರಿಸಿ ನಕ್ಕರು. ಆ ರೈತರು ಮುಂದಿನ ಸಲ ಬಂದಾಗ ಮಾತಿಲ್ಲದೆ ಹೆಬ್ಬೆಟ್ಟು ಮುಂದೆ ಚಾಚಿದರು. ಆಮೇಲೆ ಎಷ್ಟೋ ವರ್ಷ ಹೆಬ್ಬೆಟ್ಟನ್ನೇ ಒತ್ತಿದರು. ಅಂದು ಆ ನಕ್ಕವರ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಅದೇ ಕೆಲಸ ನಾನೇ ಮಾಡಿದ್ದೆ, ಅದೂ ನನ್ನ ಮೊಮ್ಮಗನಿಗೆ.

ಈ ವರ್ಷ ಹುಡುಗ ಮತ್ತೆ ಬಂದ. ನಾನು ಕನ್ನಡದ ಮಾತೇ ತೆಗೆಯಲಿಲ್ಲ, ತೆಗೆಯಲು ಮುಖವೂ ಇರಲಿಲ್ಲ. ಆಗ ಹುಬ್ಬಳ್ಳಿಯಲ್ಲಿ ಶಿಕ್ಷಕಿಯಾಗಿರುವ ನನ್ನ ತಂಗಿಯ ಮಗಳು ನಾಲ್ಕಾರು ತೆಳ್ಳಗಿನ ಚಿತ್ರಪುಸ್ತಕ ತಂದು ಮಂಚದ ಮೇಲೆ ಹಾಗೇ ಬಿಟ್ಟುಹೋದಳು. ಅವುಗಳಲ್ಲಿ ಒಂದರ ನಾಯಕ ಶೃಂಗೇರಿ ಶ್ರೀನಿವಾಸ.

ಈ ಶ್ರೀನಿವಾಸನ ಕಥೆ ಬರೆದವರು ನೋನಿ. ಅದು ರೋಹಿಣಿ ನಿಲೇಕಣಿ ಅವರು ಮಕ್ಕಳಿಗಾಗಿ ಬರೆಯುವಾಗ ಇಟ್ಟುಕೊಂಡ ಹೆಸರು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಪ್ರತಿ ಮಗುವಿನ ಕೈಗೂ ಒಂದು ಪುಸ್ತಕ ಸಿಗಬೇಕು ಎಂಬುದು ಆ ಸಂಸ್ಥೆಯ ಗುರಿ. ಅದಕ್ಕಾಗಿ ಅಗ್ಗದ ಬೆಲೆಗೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪುಸ್ತಕ ತರುತ್ತಾರೆ. ಶ್ರೀನಿವಾಸನ ಚಿತ್ರಗಳನ್ನು ಬರೆದವರು ಆಂಜೀ ಮತ್ತು ಉಪೇಶ್.

ನಮ್ಮ ಶ್ರೀನಿವಾಸ ವರ್ಷಕ್ಕೆ ಒಂದೇ ಸಲ ಕೂದಲು ಕತ್ತರಿಸಿಕೊಳ್ಳುವ ಆಸಾಮಿ. ಆ ದಿನ ಬಂದಿದೆ. ಕ್ಷೌರಿಕನ ಹತ್ತಿರ ಹೋಗುತ್ತಾನೆ, ಅವನಿಗೆ ಪುರುಸೊತ್ತಿಲ್ಲ. ಹೆಂಡತಿಯನ್ನು ಕೇಳುತ್ತಾನೆ, ಅವಳಿಗೂ ಇಲ್ಲ. ದರ್ಜಿಯನ್ನು ಕೇಳುತ್ತಾನೆ, ಅಲ್ಲಿಯೂ ಇಲ್ಲ. ಕೊನೆಗೆ ಒಂದು ಹುಲಿ ಅವನ ಕಷ್ಟ ಪರಿಹರಿಸುತ್ತದೆ. ಹೇಗೆ ಅಂತ ನಾನು ಹೇಳುವುದಿಲ್ಲ. ಓದಿ ನೋಡಿ.

ಇನ್ನೊಂದು ಕಥೆಯಲ್ಲಿ ಇದೇ ಶ್ರೀನಿವಾಸನ ತೋಟದಲ್ಲಿ ಬಾಳೆಹಣ್ಣು ವಿಪರೀತ ಬೆಳೆದುಬಿಡುತ್ತದೆ. ಯಾರಿಗೂ ಬೇಡ, ದನಗಳಿಗೂ ಬೇಡ. ಉಳ್ಳಾಗಡ್ಡಿ, ಮೆಣಸಿನಕಾಯಿ ಹೆಚ್ಚಾಗಿ ದರ ಬಿದ್ದ ವರ್ಷಗಳನ್ನು ಕಂಡ ನಮ್ಮ ಕುಂದಗೋಳ ತಾಲೂಕಿನ ಅಜ್ಜಂದಿರಿಗೆ ಈ ಕಥೆ ಓದಿದರೆ ನಗುವಿನ ಜೊತೆಗೆ ಒಂದು ನಿಟ್ಟುಸಿರೂ ಬಂದೀತು. ಮತ್ತೊಂದರಲ್ಲಿ ಅವನಿಗೆ ನಗುವುದೇ ಬರುವುದಿಲ್ಲ, ಮನೆಯವರೆಲ್ಲ ಸೇರಿ ಕಲಿಸಬೇಕಾಗುತ್ತದೆ.

ಈಗ ನಮ್ಮ ಮನೆಗೆ ಬರೋಣ. ಮಧ್ಯಾಹ್ನ ಊಟವಾಗಿ ನಾನು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಒಳಗಿನಿಂದ ಕಿಸಕಿಸ ನಗು ಕೇಳಿತು. ಸ್ವಲ್ಪ ಹೊತ್ತಿಗೆ ಹುಡುಗ ಪುಸ್ತಕ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಅಜ್ಜಾ, ಶೃಂಗೇರಿ ಅನ್ನೋದರಾಗಿನ ಶೃ, ಶ್ರೀನಿವಾಸ ಅನ್ನೋದರಾಗಿನ ಶ್ರೀ, ಎರಡೂ ಬ್ಯಾರೆ ಬ್ಯಾರೆ ಯಾಕ ಅದಾವು?"

ನಾನು ಎದ್ದು ಕೂತೆ. ಒಂದರಲ್ಲಿ ಇರುವುದು ಋ ಸ್ವರದ ವಟ್ರಸುಳಿ, ಇನ್ನೊಂದರಲ್ಲಿ ಇರುವುದು ರ ಒತ್ತು ಎಂದು ಹೇಳಿದೆ. ಎರಡನ್ನೂ ಬೆರಳಿನಿಂದ ನೆಲದ ಮೇಲೆ ಬರೆದು ನೋಡಿದ. "ಹಂಗಾರ ಅವತ್ತು ಪೇಪರಿನ್ಯಾಗ ಇತ್ತಲ್ಲ, ಅದೂ ಇದ ವಟ್ರಸುಳಿ" ಎಂದು ಒಳಗೆ ಓಡಿದ. ಅಭಿವೃದ್ಧಿಯ 'ವೃ' ಹುಡುಗನ ತಲೆಯಿಂದ ಹೋಗಿರಲಿಲ್ಲ. ಒಂದು ವರ್ಷದಿಂದ ಅದು ಅಲ್ಲಿಯೇ ಚುಚ್ಚಿಕೊಂಡು ಕೂತಿತ್ತು.

ನಾನು ಎರಡು ಬೇಸಿಗೆಯಲ್ಲಿ ಕಲಿಸಲಾಗದ್ದನ್ನು ಈ ತೆಳ್ಳಗಿನ ಪುಸ್ತಕ ಹೇಗೆ ಕಲಿಸಿತು? ಆಮೇಲೆ ಕನ್ನಡಕ ಹಾಕಿಕೊಂಡು, ಲೆಕ್ಕದ ಪುಸ್ತಕ ತಾಳೆ ನೋಡಿದ ಹಾಗೆ, ಪುಟಪುಟವನ್ನೂ ನೋಡಿದೆ. ಒಂದೊಂದು ಪುಟಕ್ಕೆ ಕೆಲವೇ ಸಾಲು. ಪ್ರಶ್ನೆ ಅದೇ, ಉತ್ತರವೂ ಹೆಚ್ಚುಕಡಿಮೆ ಅದೇ, ಕೇಳುವ ಮನುಷ್ಯ ಮಾತ್ರ ಬೇರೆ. ಹೀಗಾಗಿ ಎರಡನೆಯ ಪುಟಕ್ಕೆ ತೊದಲಿದ ಪದವನ್ನು ಮೂರನೆಯ ಪುಟದಲ್ಲಿ ಮಗು ಸಲೀಸಾಗಿ ಓದುತ್ತದೆ. ಪದ ಗೊತ್ತಾಗದಿದ್ದರೆ ಪಕ್ಕದ ಚಿತ್ರ ಗುಟ್ಟಾಗಿ ಹೇಳಿಕೊಡುತ್ತದೆ. ಮುಂದೇನಾಯಿತು ಎಂಬ ಆಸೆ ಪುಟ ತಿರುವಿಸುತ್ತದೆ. ಇನ್ನೂ ಒಂದು ಮಾತು: ಇಲ್ಲಿ ಪೇಚಿಗೆ ಸಿಕ್ಕುವವನು ಶ್ರೀನಿವಾಸ, ಓದುವ ಮಗು ಅಲ್ಲ. ತನಗಿಂತ ದೊಡ್ಡವನೊಬ್ಬ ಮನೆಮನೆಗೆ ಅಲೆದು ಸೋಲುವುದನ್ನು ನೋಡಿ ಮಗು ನಗುತ್ತದೆ. ಹಾಗೆ ನಗುತ್ತಿರುವಾಗ ತನ್ನ ತಪ್ಪಿನ ಹೆದರಿಕೆ ಮರೆತುಹೋಗುತ್ತದೆ.

ಇದನ್ನೇ ಬಹಳ ಹಿಂದೆ ಅಮೆರಿಕದಲ್ಲಿ ಒಬ್ಬರು ಮಾಡಿ ತೋರಿಸಿದ್ದರು. ಅವರ ಹೆಸರು ಥಿಯೊಡರ್ ಸ್ಯೂಸ್ ಗೈಸೆಲ್. ಮಕ್ಕಳಿಗೆ ಅವರು ಡಾಕ್ಟರ್ ಸ್ಯೂಸ್. ಅರವತ್ತಕ್ಕೂ ಹೆಚ್ಚು ಪುಸ್ತಕ ಬರೆದರು, ಹೆಚ್ಚಿನವಕ್ಕೆ ಚಿತ್ರವನ್ನೂ ತಾವೇ ಬಿಡಿಸಿದರು. 1954ರಲ್ಲಿ ಜಾನ್ ಹರ್ಸಿ ಎಂಬ ಲೇಖಕರು ಲೈಫ್ ಪತ್ರಿಕೆಯಲ್ಲಿ ಒಂದು ದೂರು ಬರೆದರು. ಶಾಲೆಯ ಓದುಪುಸ್ತಕಗಳು ಸಪ್ಪೆಯಾಗಿವೆ, ಮಕ್ಕಳು ಓದು ಕಲಿಯದಿರುವುದಕ್ಕೆ ಅದೂ ಒಂದು ಕಾರಣ ಎಂದು. ಆಗ ಒಬ್ಬ ಪ್ರಕಾಶಕರು ಸ್ಯೂಸ್ ಅವರಿಗೆ ಸುಲಭ ಪದಗಳ ಒಂದು ಪಟ್ಟಿ ಕೊಟ್ಟು, ಇಷ್ಟರಲ್ಲೇ ಮಕ್ಕಳು ಕೆಳಗಿಡಲಾರದಂಥ ಪುಸ್ತಕ ಬರೆಯಿರಿ ಎಂದರು. ಸ್ಯೂಸ್ ಒಂದು ವರ್ಷಕ್ಕೂ ಹೆಚ್ಚು ಹೆಣಗಿದರು. 1957ರಲ್ಲಿ ಟೊಪ್ಪಿಗೆ ಹಾಕಿದ ತುಂಟ ಬೆಕ್ಕಿನ ಕಥೆ ಬಂತು. ಇಡೀ ಪುಸ್ತಕದಲ್ಲಿ ಇರುವುದು 236 ಬೇರೆಬೇರೆ ಪದಗಳು, ಅಷ್ಟೇ. ಇನ್ನೊಬ್ಬ ಪ್ರಕಾಶಕರು "50 ಪದಗಳಲ್ಲಿ ಬರೆಯಲಾರಿರಿ" ಎಂದು 50 ಡಾಲರ್ ಪಣ ಕಟ್ಟಿದರು. 1960ರಲ್ಲಿ ಹಸಿರು ಮೊಟ್ಟೆಯ ಕಥೆ ಬರೆದು ಸ್ಯೂಸ್ ಗೆದ್ದರು. ಇಷ್ಟು ಗೆದ್ದ ಮನುಷ್ಯರ ಮೊದಲ ಮಕ್ಕಳ ಪುಸ್ತಕವನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡವೆಂದು ವಾಪಸು ಕಳಿಸಿದ್ದರು. ಅದು 1937ರಲ್ಲಿ ಅಂತೂ ಅಚ್ಚಾಯಿತು.

ನಮ್ಮಲ್ಲೂ ಈ ಗುಟ್ಟು ಬಲ್ಲವರು ಇದ್ದರು. ಅಜ್ಜ ಅಜ್ಜಿಯರೇ, ಜಿ.ಪಿ. ರಾಜರತ್ನಂ ಅವರ ನಾಯಿಮರಿ ಪದ್ಯ ನಿಮಗೆ ಇಂದಿಗೂ ಬಾಯಿಪಾಠ ಇರಬೇಕು. ಸಣ್ಣ ಸಣ್ಣ ಪ್ರಶ್ನೆ, ಸಣ್ಣ ಸಣ್ಣ ಉತ್ತರ. ಯಾರೂ ಬೆತ್ತ ಹಿಡಿದು ಕಲಿಸಲಿಲ್ಲ, ತಾನಾಗಿ ನಾಲಗೆಗೆ ಹತ್ತಿಕೊಂಡಿತು. ಆದರೆ ನಮ್ಮ ಕಾಲದ ಹಳ್ಳಿಯ ಶಾಲೆಯಲ್ಲಿ ಮಗು ಒಬ್ಬನೇ ಮಲಗಿಕೊಂಡು ನೋಡುವಂಥ ಬಣ್ಣದ ಪುಸ್ತಕ ಇರಲಿಲ್ಲ. ನಾನು ಕಂಡ ಬಣ್ಣದ ಚಿತ್ರವೆಂದರೆ ಗೋಡೆಯ ಕ್ಯಾಲೆಂಡರಿನ ದೇವರು. ಅದಕ್ಕೇ ಇರಬೇಕು, ಪುಸ್ತಕವೆಂದರೆ ಕೈಕಟ್ಟಿ ಕೂತು ಓದುವ ಸಂಗತಿ ಎಂದು ನಾನು ತಿಳಿದಿದ್ದೆ.

ಆ ತಿಳಿವಳಿಕೆ ಪೂರ್ತಿ ಹೋಗಿಲ್ಲ. ಎರಡು ದಿನದ ನಂತರ ನಾನು ಮತ್ತೆ ಮೇಷ್ಟ್ರಾಗಿಬಿಟ್ಟೆ. "ಕಥಿ ಓದಿದಿ, ಛಲೋ ಆತು. ಇದರ ನೀತಿ ಏನು ಹೇಳು ನೋಡೋಣ?" ಎಂದೆ.

ಹುಡುಗ ಬಹಳ ಯೋಚಿಸಿ, "ಟೈಮಿಗೆ ಸರಿಯಾಗಿ ಕಟಿಂಗ್ ಮಾಡಿಸ್ಕೋಬೇಕು" ಎಂದ. ಆಮೇಲೆ ನನ್ನ ಬೋಳು ತಲೆಯನ್ನು ನೋಡಿ, "ಅಜ್ಜಾ, ನಿನಗೂ ಆ ಹುಲಿ ಸಿಕ್ಕಿತ್ತೇನು?" ಎಂದು ಕೇಳಿದ.

ಅಡುಗೆಮನೆಯಲ್ಲಿ ಅವನ ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ನಾನೂ ನಕ್ಕೆ. ಹುಡುಗ ಎಲ್ಲರಿಗಿಂತ ಜೋರಾಗಿ ನಕ್ಕ. ಕಥೆ ಓದಿದವರಿಗೆ ಮಾತ್ರ ಈ ಪ್ರಶ್ನೆಯ ಸೊಗಸು ಪೂರ್ತಿ ತಿಳಿದೀತು.

ಅಂದು ಸಂಜೆ ನಾನು ಅವನ ಹತ್ತಿರ ಕೂತು, "ಹೋದ ವರ್ಷ ಕಟ್ಟೀಮ್ಯಾಲೆ ನಕ್ಕಿದ್ದು ನನ್ನ ತಪ್ಪು ತಮ್ಮಾ" ಎಂದು ಹೇಳಿದೆ. ಅವನು ಪುಸ್ತಕದಿಂದ ಕಣ್ಣು ತೆಗೆಯದೆ "ಹೂಂ" ಎಂದ. ಸ್ವಲ್ಪ ತಡೆದು, "ಈಗ ಓದ್ಲಿ?" ಎಂದು ಕೇಳಿದ. ಕಟ್ಟೆಯ ಮೇಲೆ ಅವೇ ನಾಲ್ಕೈದು ಮಂದಿ ಕೂತಿದ್ದರು. ಹುಡುಗ ಪೇಪರ್ ಬಿಟ್ಟು ಶ್ರೀನಿವಾಸನ ಕಥೆ ಓದಿದ. ಎರಡು ಕಡೆ ತಡವರಿಸಿದ. ಯಾರೂ ಅದಕ್ಕೆ ನಗಲಿಲ್ಲ. ಹುಲಿ ಬಂದಾಗ ಎಲ್ಲರೂ ನಕ್ಕರು.

ಅಜ್ಜ ಅಜ್ಜಿಯರೇ, ಈ ವಾರ ನಿಮಗೊಂದು ಕೆಲಸ. ಒಂದು ನಗೆಯ ಚಿತ್ರಪುಸ್ತಕ ತನ್ನಿ. ಅಂಗಡಿ ದೂರವಿದ್ದರೆ ಊರಿನ ಗ್ರಂಥಾಲಯದಲ್ಲಿ ಕೇಳಿ. ಪ್ರಥಮ್ ಬುಕ್ಸ್‌ನವರು 2015ರ ಸೆಪ್ಟೆಂಬರ್ 8ರ ಸಾಕ್ಷರತಾ ದಿನದಂದು ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳನ್ನು ಮೊಬೈಲಿನಲ್ಲೂ ದುಡ್ಡಿಲ್ಲದೆ ಓದಬಹುದು. ಮಗು ಓದುವಾಗ ತಪ್ಪಿದರೆ ಕೂಡಲೇ ತಿದ್ದಬೇಡಿ, ಪುಟ ಮುಗಿಯಲಿ. ನೀತಿ ಏನೆಂದು ಕೇಳಬೇಡಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಕಣ್ಣು ಮಂಜಾದ ಅಜ್ಜ, ಓದು ಬಾರದ ಅಜ್ಜಿ ನಿಮ್ಮ ಮನೆಯಲ್ಲಿ ಇದ್ದಾರಲ್ಲ, ಅವರಿಗೆ ನೀವು ಓದಿ ಹೇಳಿ. ಅವರು ತೂಕಡಿಸಿದರೆ ಹುಲಿಯ ಪುಟಕ್ಕೆ ಬಂದಾಗ ಸ್ವಲ್ಪ ಜೋರಾಗಿ ಗರ್ಜಿಸಿ. ನನ್ನ ಮೊಮ್ಮಗ ಹಾಗೇ ಮಾಡುತ್ತಾನೆ.